ಹಳೇ ಬೇರ್ ಗ್ರಿಜ್ಲಿ ರಿಕರ್ವ್ ಬಿಲ್ಲು, 45 ಪೌಂಡ್: ಹೊಸ ಹೆದಿ ಹಾಕಿ, ಟ್ಯೂನ್ ಮಾಡಿ, ಹೊಡದು ನೋಡಿದ ಮ್ಯಾಲ ಬರದ ರಿವ್ಯೂ

ಮೊದಲ ತೀರ್ಮಾನ ಹೇಳಿಬಿಡತೇನ್ರಿ, ವಿವರ ಆಮ್ಯಾಲ. 1960ರ ದಶಕದ ಬೇರ್ ಕಂಪನಿ ಗ್ರಿಜ್ಲಿ ರಿಕರ್ವ್ (ತುದಿ ಮುಂದಕ್ಕ ಬಾಗಿದ ಬಿಲ್ಲು), 58 ಇಂಚ್ ಉದ್ದ, 45 ಪೌಂಡ್ (ಎಳಿಯಾಕ ಬೇಕಾಗೋ ಬಲ) ಅಂತ ಬರದದ್ದು, ಲಿಂಬ್, ಅಂದ್ರ ಹಿಡಿಕಿ ಮ್ಯಾಲ ಕೆಳಗಿನ ಬಗ್ಗೋ ತೋಳು, ನೆಟ್ಟಗ ಇದ್ದು ಬಿರುಕು ಇಲ್ಲಂದ್ರ ಇವತ್ತಿಗೂ ಅಗದಿ ಛಲೋ ಬಿಲ್ಲು, ಗ್ವಾಡಿಗೆ ತೂಗು ಹಾಕಿ ಇಡಬ್ಯಾಡ್ರಿ, ತಗದು ಹೊಡೀರಿ. ಆದ್ರ ಹೆದಿ ಸರಿ ಇರಬೇಕು. ಈಗಿನ ಒಲಿಂಪಿಕ್ ರಿಕರ್ವ್‌ದಾಗ ಲಿಂಬ್ ಬೋಲ್ಟ್ ಇರತಾವು, ಪ್ಲಂಜರ್ (ಬಾಣದ ಬಾಜೂಕ ಒತ್ತೋ ಸ್ಪ್ರಿಂಗ್ ಗುಂಡಿ) ಇರತೈತಿ, ಸೈಟ್ (ಗುರಿ ಹಿಡಿಯೋ ಸಾಧನ), ಸ್ಟೆಬಿಲೈಸರ್ (ಬಿಲ್ಲು ಅಲುಗದಂಗ ಹಿಡಿಯೋ ಕೋಲು) ಎಲ್ಲಾ ಇರತಾವು, ಒಂದು ಕಡೆ ತಪ್ಪಿದ್ರ ಇನ್ನೊಂದು ಕಡೆ ತಿರುವಿ ಸರಿ ಮಾಡಬಹುದು. ಇದರಾಗ ಹಂತಾದ್ದು ಏನೂ ಇಲ್ಲ, ಒಂದ ತುಂಡು ಬಿಲ್ಲು. ನಿಮ್ಮ ಕೈಯಾಗ ಇರೂದು ಹೆದಿ, ನಾಕಿಂಗ್ ಪಾಯಿಂಟ್ (ಹೆದಿ ಮ್ಯಾಲ ಬಾಣ ಸಿಗಸೋ ಜಾಗಾದ ಗುರುತು), ಬಾಣ, ಇಷ್ಟ. ಅದಕ್ಕ ಈ ಮೂರನ್ನೂ ಅರ್ಧಂಬರ್ಧ ಮಾಡಿದ್ರ ಬಿಲ್ಲು ಸುಮ್ನ ಕೆಟ್ಟ ಹೆಸರು ತೊಗೊಂತೈತಿ.

ನನ್ನ ಸೋದರಮಾವ ಮಿಶಿಗನ್ ಕಡೆ ನೌಕರಿ ಮಾಡಿ ಹೊಳ್ಳಿ ಧಾರವಾಡಕ್ಕ ಬರುವಾಗ ತಂದಿದ್ದು ಇದು, ಸಪ್ತಾಪುರದ ಮನಿ ಅಟ್ಟದ ಮ್ಯಾಲ ಬಾಳ ವರ್ಷ ಇತ್ತು. ಬೇರ್ ಕಂಪನಿ ಶುರು ಮಾಡಿದಂವ ಫ್ರೆಡ್ ಬೇರ್, 1933ರಾಗ ಡೆಟ್ರಾಯಿಟ್‌ನಾಗ, 1947ಕ್ಕ ಗ್ರೇಲಿಂಗ್ ಅನ್ನೋ ಊರಿಗಿ ಹೋದ್ರು, 1978ರಾಗ ಫ್ಲೋರಿಡಾದ ಗೇನ್ಸ್‌ವಿಲ್‌ಗೆ ಹೋದ್ರು. ಹಂಗಾಗಿ ಬಿಲ್ಲಿನ ಮ್ಯಾಲ ಗ್ರೇಲಿಂಗ್, ಮಿಶಿಗನ್ ಅಂತ ಇದ್ರ 1978ಕ್ಕಿಂತ ಮೊದಲಿಂದು ಅಂತ ತಿಳೀಬೇಕು. ಇನ್ನೊಂದು ಗುರುತು ಅಂದ್ರ ಹಿಡಿಕಿ ಮ್ಯಾಲಿನ ಬಿಲ್ಲೆ. 1959ರಿಂದ 1972ರ ತನಕ ಲೋಹದ ಬಿಲ್ಲೆ ಕಟ್ಟಗಿಯೊಳಗ ಸಮಾ ಕೂತಿರತೈತಿ, ಬೆರಳು ಆಡಿಸಿದ್ರ ಏರು ಹತ್ತೂದಿಲ್ಲ, 1973ರಿಂದ ಮುಂದಿಂದು ಉಬ್ಬಿರತೈತಿ. ನಂದು ಸಮಾ ಕೂತದ್ದು. ಕೆಲವು ಬಿಲ್ಲಿನ ಮ್ಯಾಲ ಪೇಟೆಂಟ್ ನಂಬರ್ ಬಾಜೂಕ ಕೆನಡಾ 1953 ಅಂತ ಬರದಿರತೈತಿ, ಅದನ್ನ ನೋಡಿ ಬಾಳ ಮಂದಿ ಇದು 1953ರ ಬಿಲ್ಲು ಅಂತ ಹೇಳಿ ರೇಟ್ ಏರಸ್ತಾರ. ಅದು ಪೇಟೆಂಟಿನ ಇಸವಿ ಅಷ್ಟ, ಬಿಲ್ಲು ಹುಟ್ಟಿದ ವರ್ಷ ಅಲ್ಲ. ಕೊಳ್ಳಾವ್ರು ಇದೊಂದು ನೆನಪಿಡ್ರಿ.

ಅಮೆರಿಕಾದಾಗ ಇದನ್ನ ಮಾಡಿದ್ದು ಬ್ಯಾಟಿಗೆ. ಗಿಡದ ಸಂದ್ಯಾಗ ನಿಂತು ಹೊಡಿಯಾಕ ಅನುಕೂಲ ಆಗ್ಲಿ ಅಂತ ಗಿಡ್ಡ ಇಟ್ಟಾರ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲ ಆ ಮಾತು ಮುಗೀತು, ಮುಗಿದಿದ್ದ ಛಲೋ ಆತು. ರಾಣೆಬೆನ್ನೂರ ಕಡೆ ಕೃಷ್ಣಮೃಗ ನೋಡಾಕ ಹೋಗುವಾಗ ಕ್ಯಾಮೆರಾ ತೊಗೊಂಡು ಹೋಗ್ರಿ, ಬಿಲ್ಲು ಮನ್ಯಾಗ ಇರಲಿ. ನಾನು ಗುರಿಗಿ ಹೊಡಿಯೋದರ ಬಗ್ಗೆ ಮಾತ್ರ ಬರಿಯಾಕತ್ತೇನಿ.

ಈಗ ಮುಖ್ಯ ವಿಷಯಕ್ಕ ಬರೋಣ್ರಿ. ಹಳೇ ಬಿಲ್ಲು ಕೈಗಿ ಸಿಕ್ಕ ಕೂಡ್ಲೆ ಹೆದಿ ಏರಿಸಿ ಎಳದು ನೋಡೋ ಚಟ ಎಲ್ಲಾರಿಗೂ ಇರತೈತಿ, ಅದನ್ನ ತಡೀರಿ. ಮೊದಲ ಬೆಳಕಿನಾಗ ಹಿಡದು ಲಿಂಬ್ ಪೂರ್ತಿ ನೋಡ್ರಿ. ಒಳಗ ಮೇಪಲ್ ಕಟ್ಟಗಿ ಪಟ್ಟಿ, ಅದರ ಎರಡೂ ಕಡೆ ಫೈಬರ್‌ಗ್ಲಾಸ್, ಎಲ್ಲಾ ಅಂಟಿನ ಮ್ಯಾಲ ನಿಂತದ್ದು. ಉದ್ದಕ್ಕ ಕೂದಲೆಳಿ ಹಂಗ ಗೆರಿ ಕಂಡ್ರ ಬಾಳ ಸಲ ಅದು ಮ್ಯಾಲಿನ ಪಾಲಿಶ್ ಒಡದದ್ದು, ಗಾಬರಿ ಆಗಬ್ಯಾಡ್ರಿ. ಅಡ್ಡಕ್ಕ ಗೆರಿ ಇದ್ರ, ಉಗುರು ಆಡಿಸಿದಾಗ ಉಗುರಿಗಿ ಹತ್ತಿದ್ರ, ಆ ಬಿಲ್ಲು ಎಳೀಬ್ಯಾಡ್ರಿ. ಅಂಚಿನ ಗುಂಟ ನೋಡಿದಾಗ ಪಟ್ಟಿ ಮತ್ತ ಗ್ಲಾಸ್ ನಡಬರಕ ಸಂದು ಬಿಟ್ಟದ್ದು ಕಂಡ್ರೂ ಹಂಗ, ಎಳದಾಗ ಮಾರಿ ಸನೇಕ ಒಡದು ಸಿಡೀತೈತಿ. ತುದಿ ಬಾಳ ಲಕ್ಷ್ಯ ಕೊಟ್ಟು ನೋಡ್ರಿ, ಹೆದಿ ಕುಣಿಕಿ ಕೂಡೋ ಜಾಗಾದಾಗ ಕಟ್ಟಗಿ ಕೊರದೈತೇನು ಅಂತ.

ನನ್ನ ಬಿಲ್ಲಿನಾಗ ಬಿರುಕು ಇರಲಿಲ್ಲ, ಕೆಳಗಿನ ಲಿಂಬ್ ಮಾತ್ರ ಸ್ವಲ್ಪ ತಿರುಚಿತ್ತು. ಅಟ್ಟದ ಮೂಲ್ಯಾಗ ಒರಗಿಸಿ ನಿಂದ್ರಿಸಿದ ಬಿಲ್ಲಿಗಿ ಹಿಂಗ ಆಗತೈತಿ, ಭಾರ ಎಲ್ಲಾ ಒಂದ ತುದಿ ಮ್ಯಾಲ ಬರತೈತಿ. ನೋಡೋ ರೀತಿ ಹೇಳತೇನಿ: ಹೆದಿ ಏರಿಸಿದ ಮ್ಯಾಲ ಹೆದಿ ಕಡೆಯಿಂದ ಬಿಲ್ಲನ್ನ ಉದ್ದಕ ಹಿಡದು, ಒಂದು ಕಣ್ಣು ಮುಚ್ಚಿ ಹೆದಿ ಹಿಡಿಕಿ ನಡಬರಕ ಬರೂಹಂಗ ಮಾಡ್ರಿ, ಆವಾಗ ಎರಡೂ ತುದಿ ನಡಬರಕನೂ ಹೆದಿ ಹಾದು ಹೋಗಬೇಕು, ತುದಿ ಹಂತೇಲಿ ಇರೋ ಉದ್ದನ್ನ ತಗ್ಗಿನ ಗೆರಿಯೊಳಗ ಸರಿಯಾಗಿ ಕೂಡಬೇಕು. ಒಂದು ಕಡೆ ಸರದ್ರ ತಿರುಚೈತಿ ಅಂತ. ಸ್ವಲ್ಪ ತಿರುಚಿದ್ದು ಕೈಲೇನ ಸರಿ ಆಗತೈತಿ, ಲಿಂಬ್ ಸ್ವಲ್ಪ ಬೆಚ್ಚಗ ಮಾಡಿ, ಉಲ್ಟಾ ಕಡೆ ಮೆಲ್ಲಕ ತಿರುವಿ ಹಿಡದು ಬಿಡಬೇಕು, ಹೊಳ್ಳಿ ನೋಡಬೇಕು, ಅವಸರ ಮಾಡಬಾರದು. ನಂದು ಹಂಗ ಸರಿ ಆತು. ಜೋರ್ ತಿರುಚಿದ್ದು ಹೊಳ್ಳಿ ಹೊಳ್ಳಿ ಬರತೈತಿ, ಹಂತಾದ್ದನ್ನ ದುಡ್ಡು ಕೊಟ್ಟು ತೊಗೋಬ್ಯಾಡ್ರಿ.

ಹೆದಿ. ಇದರ ಮ್ಯಾಲ ಉದ್ದ ಬರಿಯಾಕ ಬೇಕು.

ಹುಬ್ಬಳ್ಳಿಯೊಳಗ ಒಂದು ಸ್ಪೋರ್ಟ್ಸ್ ಅಂಗಡಿಗಿ ಹೋಗಿ ಕೇಳಿದ್ರ ಅವರು ತಗದು ಕೊಟ್ಟದ್ದು ಈಗಿನ ಕಾಲದ ತೆಳ್ಳನ್ನ ಹೆದಿ, ಸರ ಇದು ಎಲ್ಲಾ ರಿಕರ್ವ್‌ಗೂ ನಡೀತೈತಿ, ಸ್ಪೀಡ್ ಜಾಸ್ತಿ ಬರತೈತಿ ಅಂದ್ರು. ನಾನು ಒಲ್ಲೆ ಅಂದು ಬಂದೆ. ಯಾಕಂದ್ರ ಫಾಸ್ಟ್ ಫ್ಲೈಟ್ ಅಂತ ಕರಿಯೋ ದಾರ 1980ರ ದಶಕದಾಗ ಬಂದದ್ದು, ಅದು ಹಿಗ್ಗೂದ ಇಲ್ಲ ಅನ್ನಬೇಕು. ಬಾಣ ಬಿಟ್ಟ ಮ್ಯಾಲ ಲಿಂಬ್ ಮುಂದ ಹೋಗಿ ಗಪ್ಪನ ನಿಂದ್ರತೈತಲ್ಲ, ಆ ಹೊಡತ ಎಲ್ಲಾ ಸೀದಾ ತುದಿಗಿ ಬೀಳತೈತಿ. ಈಗಿನ ಬಿಲ್ಲಿನ ತುದಿ ಅದಕ್ಕಂತನ ಗಟ್ಟಿ ಮಾಡಿರತಾರ, 1960ರ ಬಿಲ್ಲಿಗಿ ಆ ತಯಾರಿ ಇಲ್ಲ, ಕುಣಿಕಿ ತೆಳ್ಳಗಿದ್ರ ಅಂತೂ ತುದಿ ಕೊರದು ಹೋಗತೈತಿ. ಈ ಬಿಲ್ಲು ಹುಟ್ಟಿದ ಕಾಲದಾಗ ಇದ್ದದ್ದು ಡೇಕ್ರಾನ್, ಅಂದ್ರ ಪಾಲಿಯೆಸ್ಟರ್ ದಾರ. ಬಾವಿ ಹಗ್ಗ ಸ್ವಲ್ಪ ಹಿಗ್ಗಿ ಕೊಡದ ಜಗ್ಗು ತೊಗೊಂತೈತಿ ನೋಡ್ರಿ, ಹಂಗ ಡೇಕ್ರಾನ್ ಆ ಹೊಡತ ತಾನು ತೊಗೊಂತೈತಿ. ಸ್ಪೀಡ್ ಸ್ವಲ್ಪ ಕಡಿಮಿ ಆಗತೈತಿ ಖರೆ, ಆಗ್ಲಿ ಬಿಡ್ರಿ, ಹೊಸಾ ತುದಿ ಯಾರೂ ಮಾರೂದಿಲ್ಲ.

ಕಡೀಕ ಧಾರವಾಡದಾಗ ಹುಡುಗರಿಗೆ ಬಿಲ್ಲುಗಾರಿಕೆ ಕಲಸೋ ಕೋಚ್ ಸರ ಒಬ್ರು ಸಿಕ್ರು. ಬಿಲ್ಲು ಕೈಯಾಗ ತೊಗೊಂಡು ತುದಿಯಿಂದ ತುದಿಗಿ ಬೆರಳು ಆಡಿಸಿ, "ತಮ್ಮಾ, ಇದಕ್ಕ ಡೇಕ್ರಾನ್ ಬಿಟ್ಟು ಬ್ಯಾರೆ ಏನೂ ಹಾಕಬ್ಯಾಡ, ದಾರ ತರಿಸು, ನಾನ ಕಟ್ಟಿ ಕೊಡತೇನಿ" ಅಂದ್ರು. ಬಿ-50 ಇಲ್ಲಾ ಬಿ-55 ಅನ್ನೋ ದಾರದ ಉಂಡಿ ಆನ್‌ಲೈನ್ ಸಿಗತೈತಿ, ತರಿಸಿ ಕೊಟ್ಟೆ. 45 ಪೌಂಡಿಗೆ 14 ಎಳಿ. ಉದ್ದದ ಲೆಕ್ಕ ಹಿಂಗ: ಬಿಲ್ಲಿನ ಮ್ಯಾಲ ಎಎಂಒ (ಅಮೆರಿಕಾದ ಬಿಲ್ಲು-ಬಾಣ ತಯಾರಕರ ಸಂಘದ ಅಳತಿ) 58 ಇಂಚ್ ಅಂತ ಇದ್ರ ಹೆದಿ 3 ಇಂಚ್ ಕಡಿಮಿ, ಅಂದ್ರ 55 ಇಂಚ್. ರೆಡಿ ಹೆದಿ ತೊಗೊಳ್ಳಾವ್ರು ಇಲ್ಲಿ ಗೊಂದಲ ಮಾಡಕೋಬ್ಯಾಡ್ರಿ, ಪಾಕೀಟಿನ ಮ್ಯಾಲ ಎಎಂಒ 58 ಅಂತ ಇದ್ರ ಅದು 58 ಇಂಚ್ ಬಿಲ್ಲಿಗಿ ಹೊಂದೋ ಹೆದಿ ಅಂತ ಅರ್ಥ, ಒಳಗಿನ ಹೆದಿ 55 ಇಂಚ ಇರತೈತಿ. ಸರ ಫ್ಲೆಮಿಶ್ ರೀತಿಯಿಂದ ಹೊಸೆದು, ಕುಣಿಕಿ ದಪ್ಪ ಮಾಡಿ ಕಟ್ಟಿದ್ರು. ಅವರ ಕೆಲಸಕ್ಕ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸ್, ರೊಕ್ಕ ಕೊಡಾಕ ಹೋದ್ರ ಒಲ್ಲೆ ಅಂದು ಹುಡುಗರಿಗೆ ಒಂದು ಕಟ್ಟು ಬಾಣ ಕೊಡಿಸು ಅಂದ್ರು, ಕೊಡಿಸಿದೆ.

ಹೆದಿ ಏರಸೂದು ಬೋ ಸ್ಟ್ರಿಂಗರ್ ಹಾಕೇ ಏರಿಸಬೇಕು. ಕಾಲಿನ ಸಂದ್ಯಾಗ ಬಿಲ್ಲು ಹಾಕಿ ತೊಡಿಲೆ ಬಗ್ಗಿಸಿ ಏರಸ್ತಾರ ನೋಡ್ರಿ, ಅದರಿಂದನ ಬಾಳ ಲಿಂಬ್ ತಿರುಚಿ ಹೋಗ್ಯಾವು, ಜಾರಿದ್ರ ಕಣ್ಣಿಗೂ ಹೊಡೀತೈತಿ. ಸ್ಟ್ರಿಂಗರ್ ಅಂದ್ರ ಎರಡು ತುದಿಗೆ ಚರ್ಮದ ಟೊಪ್ಪಿಗಿ ಇರೋ ಹಗ್ಗ, ಕಾಲಿಲೆ ಹಗ್ಗ ತುಳದು ಹಿಡಿಕಿ ಹಿಡದು ಮ್ಯಾಲ ಎತ್ತೂದು, ಕುಣಿಕಿ ಸರಿಸೂದು, ಎರಡೂ ಕಡೆ ಕೂತೈತೇನು ನೋಡಿ ಮೆಲ್ಲಕ ಬಿಡೂದು.

ಹೊಸಾ ಡೇಕ್ರಾನ್ ಮೊದಲಿಗಿ ಹಿಗ್ಗತೈತಿ, ಅದಕ್ಕ ಶುರುವಿನಾಗ ಅಳತಿ ಹಿಡದು ಕೂಡಬ್ಯಾಡ್ರಿ, ಹೆದಿ ಏರಿಸಿ ಒಂದು ರಾತ್ರಿ ಬಿಟ್ಟು, ಒಂದಿಷ್ಟು ಬಾಣ ಹೊಡದು ಆಮ್ಯಾಲ ಬ್ರೇಸ್ ಹೈಟ್ ನೋಡ್ರಿ. ಬ್ರೇಸ್ ಹೈಟ್ ಅಂದ್ರ ಹಿಡಿಕಿ ಒಳಗಿನ ತಗ್ಗಿನಿಂದ ಹೆದಿ ತನಕ ಇರೋ ಅಂತರ. ಹಿಂದಿನವರು ಮುಷ್ಟಿ ಹಿಡದು ಹೆಬ್ಬೆರಳು ಎತ್ತಿ ಹಿಡಿಕಿ ಮ್ಯಾಲ ಇಟ್ಟು ನೋಡತಿದ್ರು, ಅದು ಸುಮಾರು 7 ಇಂಚಿನ ಆಸುಪಾಸು ಬರತೈತಿ. ನಾನು 7.5 ಇಂಚಿನಿಂದ ಶುರು ಮಾಡಿದೆ. ಹೆದಿಗಿ ಹೊಸಗಿ (ತಿರುವು) ಹಾಕಿದಂಗ ಅದು ಗಿಡ್ಡ ಆಗತೈತಿ, ಬ್ರೇಸ್ ಹೈಟ್ ಏರತೈತಿ, ಬಿಚ್ಚಿದ್ರ ಇಳೀತೈತಿ. ತಗ್ಗ ಇದ್ರ ಹೆದಿ ಬಾಣಾನ ಜಾಸ್ತಿ ದೂರ ದೂಡತೈತಿ, ಸ್ಪೀಡ್ ಸ್ವಲ್ಪ ಹೆಚ್ಚು, ಆದ್ರ ಸಪ್ಪಳನೂ ಹೆಚ್ಚು, ಮಣಿಕಟ್ಟಿಗಿ ಹೆದಿ ಬಡಿಯೂದೂ ಹೆಚ್ಚು. ಏರಿಸಿದಂಗ ಬಿಲ್ಲು ಶಾಂತ ಆಗತೈತಿ, ಒಂದು ಹದ ದಾಟಿದ್ರ ಸುಮ್ನ ಎಳಿಯಾಕ ಬಿರುಸು ಆಗಿ ಹೊಳ್ಳಿ ನಡಗತೈತಿ. ಪುಸ್ತಕದಾಗ ನಂಬರ್ ಹುಡುಕೂದಕ್ಕಿಂತ ಕಿವಿ ಮಾತು ಕೇಳ್ರಿ. ನಾಕೈದು ಹೊಸಗಿ ಹಾಕು, ಬಾಣ ಹೊಡಿ, ಕೇಳು, ಹೊಳ್ಳಿ ಹಾಕು. ನಂದು 8 ಇಂಚ್ ದಾಟಿ ಸ್ವಲ್ಪಕ್ಕ ಗಪ್ಪಾತು. ಟಣ್ ಅಂತಿದ್ದ ಸಪ್ಪಳ ಹೋಗಿ ದಪ್ಪಂತ ಒಂದ ಸಪ್ಪಳ ಬಂತು, ಕೈಯಾಗಿನ ಝುಮ್ಮನ್ನೂದೂ ನಿಂತಿತು. ಆ ಬದಲಾವಣಿ ಕೈಗಿ ಗೊತ್ತಾದಾಗ ಆಗೋ ಖುಷಿ ದೊಡ್ಡದು, ಹಳೇ ಬಿಲ್ಲಿನವರಿಗೆ ಈ ಮಾತು ಗೊತ್ತಾಗತೈತಿ. ಉಳಿದ ಸ್ವಲ್ಪ ಸಪ್ಪಳಕ್ಕ ಉಲ್ಲನ್ ದಾರದ ಸಣ್ಣ ಗೊಂಡೆ ಮಾಡಿ ಹೆದಿಗಿ ಮ್ಯಾಲ ಕೆಳಗ ಕಟ್ಟೇನಿ.

ಟಿಲ್ಲರ್, ಅಂದ್ರ ಮ್ಯಾಲಿನ ಕೆಳಗಿನ ಲಿಂಬಿನ ಸಮತೋಲ, ಈ ಬಿಲ್ಲಿನಾಗ ಬದಲಿ ಮಾಡಾಕ ಬರೂದಿಲ್ಲ, ನೋಡಿಕೋಬಹುದು ಅಷ್ಟ. ಲಿಂಬ್ ಹಿಡಿಕಿಗಿ ಸೇರೋ ಜಾಗಾದಿಂದ ಹೆದಿಗಿ ಇರೋ ಅಂತರ ಮ್ಯಾಲಿನದಕ್ಕಿಂತ ಕೆಳಗಿನದು 1/8 ಇಂಚಿನಷ್ಟು ಕಡಿಮಿ ಇದ್ರ ಒಂದು ಬೆರಳು ಬಾಣದ ಮ್ಯಾಲ, ಎರಡು ಕೆಳಗ ಹಿಡಿಯಾವ್ರಿಗೆ ಸರಿ.

ಶೆಲ್ಫ್, ಅಂದ್ರ ಬಾಣ ಕೂಡೋ ಕಟ್ಟಿ. ಹಳೇ ಕೂದಲು ಪಟ್ಟಿ ಪುಡಿ ಪುಡಿ ಆಗಿತ್ತು, ಕೆರದು ತಗದೆ. ದುರ್ಗದಬೈಲ್ ಕಡೆ ದರ್ಜಿ ಸಾಮಾನಿನ ಅಂಗಡ್ಯಾಗ ವೆಲ್ಕ್ರೋ ಸಿಗತೈತಿ, ಅದರ ಮೆತ್ತನ್ನ ಭಾಗ ಕಟ್ಟಿ ಮ್ಯಾಲ, ಬಾಜೂಕ ತೆಳ್ಳನ್ನ ಚರ್ಮ. ಹಿಡಿಕಿ ತಗ್ಗು ಎಲ್ಲಿ ಬಾಳ ಆಳ ಐತಿ, ಅದರ ನೆಟ್ಟಗ ಮ್ಯಾಲ ವೆಲ್ಕ್ರೋ ಕೆಳಗ ಒಂದು ಕಡ್ಡಿಪೆಟ್ಟಿಗಿ ಕಡ್ಡಿ ತುಂಡು ಇಟ್ರ ಬಾಣ ಆ ಒಂದ ಜಾಗಾದ ಮ್ಯಾಲ ಕೂಡತೈತಿ, ಕೈ ಸ್ವಲ್ಪ ತಿರುಗಿದ್ರೂ ಬಾಣ ಅಷ್ಟು ಸರಿಯೂದಿಲ್ಲ. ರೂಪಾಯಿ ಖರ್ಚಿಲ್ಲದ ಕೆಲಸ, ಗುರಿಯೊಳಗ ಫರಕ್ ಕಾಣತೈತಿ.

ನಾಕಿಂಗ್ ಪಾಯಿಂಟ್ ಬೋ ಸ್ಕ್ವೇರ್ ಇಲ್ಲಂದ್ರ ಬಡಗ್ಯಾರ ಮೂಲಿಮಟ್ಟ ಇಟ್ಟು ನೋಡಬಹುದು, ಕಟ್ಟಿ ಮಟ್ಟಕ್ಕಿಂತ 1/2 ಇಂಚ್ ಮ್ಯಾಲ ಶುರು ಮಾಡ್ರಿ, ಇನ್ನೂ ಸ್ವಲ್ಪ ಮ್ಯಾಲ ಇದ್ರೂ ನಡೀತೈತಿ, ಕೆಳಗ ಮಾತ್ರ ಬ್ಯಾಡ. ತಗ್ಗ ಇದ್ರ ಬಾಣದ ಹಿಂದಿನ ಭಾಗ ಕಟ್ಟಿಗಿ ಬಡದು ಮ್ಯಾಲ ಪುಟೀತೈತಿ, ನೋಡಾವ್ರಿಗೆ ನಾಕ್ ಎತ್ತರ ಆಗೈತಿ ಅನಸ್ತೈತಿ, ಇನ್ನೂ ಕೆಳಗ ಇಳಸ್ತಾರ, ಇನ್ನೂ ಕೆಡತೈತಿ. ಮ್ಯಾಲಿಂದ ಕೆಳಗ ಬರೂದು ಸುರಕ್ಷಿತ ದಾರಿ. ಹಿತ್ತಾಳಿ ರಿಂಗ್ ಬದಲಿ ದಾರ ಸುತ್ತಿ ಗಂಟು ಹಾಕಿದ್ರ ಸರಿಸಾಕ ಹಗುರ.

ಬಾಣ ಆರಿಸೋ ಮೊದಲ ಬಿಲ್ಲು ನಿಜವಾಗಿ ಎಷ್ಟು ಪೌಂಡ್ ಎಳೀತೈತಿ ಅಂತ ಗೊತ್ತಿರಬೇಕು. ಬರದಿರೋ 45 ಪೌಂಡ್ 28 ಇಂಚ್ ಎಳದಾಗ. ನಂದು 27 ಇಂಚ್ ಎಳತ. ಲಗೇಜ್ ತೂಗೋ ಡಿಜಿಟಲ್ ಕಾಟಾದ ಕೊಂಡಿ ಹೆದಿಗಿ ಹಾಕಿ 27 ಇಂಚಿಗೆ ಎಳದ್ರ 19.5 ಕೇಜಿ ತೋರಸ್ತು, ಅಂದ್ರ 43 ಪೌಂಡ್. ಇಷ್ಟು ವಯಸ್ಸಾದ ಬಿಲ್ಲು ತನ್ನ ಶಕ್ತಿ ಕಳಕೊಂಡಿಲ್ಲ ಅನ್ನೂದಕ್ಕ ಇದಕ್ಕಿಂತ ಸಾಕ್ಷಿ ಬ್ಯಾಡ, ಒಂದು ಇಂಚಿಗೆ 2-3 ಪೌಂಡ್ ಫರಕ್ ಇರೂದು ಸಹಜ. ಹಳೇ ಬಿಲ್ಲಿಗಿ ಹಗುರ ಬಾಣ ಹಾಕಬಾರದು, ಬಾಣ ತೊಗೊಳ್ಳದ ಶಕ್ತಿ ಹೊಳ್ಳಿ ಲಿಂಬಿಗಿ ಹೋಗತೈತಿ. ಒಂದು ಪೌಂಡಿಗೆ 9-10 ಗ್ರೇನ್ ಲೆಕ್ಕ ಹಿಡೀರಿ. ನನ್ನ ಲೆಕ್ಕಕ್ಕ 430 ಗ್ರೇನ್, ಸುಮಾರು 28 ಗ್ರಾಂ. ಪತ್ತಾರ ಅಣ್ಣಾವ್ರ ಕಾಟಾದ ಮ್ಯಾಲ ಒಂದೊಂದ ಬಾಣ ತೂಗಿಸಿಕೊಂಡು ಬಂದೆ, ಒಂದಕ್ಕೊಂದು ತೂಕ ಹೊಂದಿದ್ವು. ಬಾಣ ಇಲ್ಲದ ಹೆದಿ ಎಳದು ಬಿಡೂದಂತೂ ಎಂದೂ ಬ್ಯಾಡ್ರಿ, ಮನಿಗಿ ಬಂದ ಹುಡುಗರು ಮೊದಲ ಮಾಡೋ ಕೆಲಸ ಅದ, ಒಂದ ಸಲಕ್ಕ ಬಿಲ್ಲು ಮುಗಿದು ಹೋಗಬಹುದು.

ಕಾರ್ಬನ್ ಬಾಣದ ಮ್ಯಾಲ 500, 600 ಅಂತ ನಂಬರ್ ಇರತೈತಿ. 28 ಇಂಚ್ ಅಂತರದಾಗ ಎರಡು ಆಧಾರ ಇಟ್ಟು ನಡಬರಕ 880 ಗ್ರಾಂ ತೂಕ ತೂಗು ಹಾಕಿದ್ರ ಬಾಣ ಎಷ್ಟು ಬಗ್ಗತೈತಿ ಅನ್ನೂದರ ಅಳತಿ ಅದು, 500 ಅಂದ್ರ ಅರ್ಧ ಇಂಚ್. ನಂಬರ್ ದೊಡ್ಡದಾದಂಗ ಬಾಣ ಮೆತ್ತಗ. ನನಗ 600 ಹೊಂದಿತು, ಉದ್ದ ಬಿಟ್ಟು, ಮುಂದ 125 ಗ್ರೇನಿನ ಮೊನಿ ಹಾಕಿ. ಪ್ಲಾಸ್ಟಿಕ್ ರೆಕ್ಕಿ ಕಟ್ಟಿಗಿ ಬಡದು ಬಾಣಾನ ಬಾಜೂಕ ಒಗೀತೈತಿ, ಹಂಗಾಗಿ ಹಕ್ಕಿ ಗರಿನ ಬೇಕು, ಅದು ಮಡಚಿ ದಾಟಿ ಹೋಗತೈತಿ.

ಹೊಂದಿತು ಅಂತ ಹೆಂಗ ಗೊತ್ತಾತು ಅಂದ್ರ ಗರಿ ಇಲ್ಲದ ಬಾಣ ಹೊಡದು. ಗರಿ ಇರೋ ಮೂರು, ಗರಿ ಇಲ್ಲದ ಎರಡು, ಮೊದಲ 10 ಮೀಟರ್, ಆಮ್ಯಾಲ 18. ಬಲಗೈಯಿಂದ ಎಳಿಯಾವ್ರಿಗೆ ಗರಿ ಇಲ್ಲದ ಬಾಣ ಎಡಕ್ಕ ಹೋದ್ರ ಬಾಣ ಬಿರುಸು, ಭಾರ ಮೊನಿ ಹಾಕ್ರಿ. ಬಲಕ್ಕ ಹೋದ್ರ ಮೆತ್ತಗ, ಸ್ವಲ್ಪ ಕತ್ತರಿಸ್ರಿ, ಕಾಲು ಇಂಚಿಗಿಂತ ಹೆಚ್ಚು ಒಮ್ಮೆಲೆ ಬ್ಯಾಡ. ಗರಿ ಇಲ್ಲದ್ದು ಕೆಳಗ ಬಿದ್ರ ನಾಕಿಂಗ್ ಪಾಯಿಂಟ್ ಎತ್ತರ ಆಗೈತಿ, ಇಳಸ್ರಿ, ಮ್ಯಾಲ ಹೋದ್ರ ಏರಸ್ರಿ. ಮೊದಲ ಮ್ಯಾಲ ಕೆಳಗಿಂದು ಮುಗಿಸ್ರಿ, ಎಡ ಬಲ ಆಮ್ಯಾಲ. ಎರಡೂ ಒಂದ ಸಲ ಮುಟ್ಟಿದ್ರ ಯಾವುದರಿಂದ ಏನಾತು ಗೊತ್ತಾಗೂದಿಲ್ಲ. ಮುಂಜಾನೆ ದಣಿವಿಲ್ಲದಾಗ ಮಾಡೋ ಕೆಲಸ ಇದು, ಸಂಜೀಕ ಕೈ ಸೋತಾಗ ಬಿಡುಗಡಿ ಕೆಟ್ಟು ಬಾಣ ಸುಳ್ಳು ಹೇಳತಾವು.

ಈಗ ಹೊಡದಾಗ ಹೆಂಗ ಅನಸ್ತೈತಿ ಅನ್ನೂದು. ಕೈಯಾಗ ಹಗುರ, ಎತ್ತಿದ ಕೂಡ್ಲೆ ಗುರಿ ಕಡೆ ತಾನ ಹೋಗತೈತಿ. ಹಿಡಿಕಿ ಕೆತ್ತನಿ ಭಾಳ ಛಂದ, ನನ್ನ ಮಧ್ಯಮ ಕೈಗಿ ಅಗದಿ ಕೂಡತೈತಿ. 26 ಇಂಚಿನ ತನಕ ಎಳತ ಬೆಣ್ಣಿ, ಅಲ್ಲಿಂದ ಮುಂದ ಬಿರುಸು ಏರತೈತಿ, 28 ದಾಟಿ ಎಳಿಯೋ ಉದ್ದನ್ನ ಕೈಯವರಿಗೆ ಇದು ಬ್ಯಾಡ, 62-64 ಇಂಚಿನ ಬಿಲ್ಲು ನೋಡ್ರಿ. ಗಿಡ್ಡ ಬಿಲ್ಲಿನಾಗ ಹೆದಿ ಕೋನ ಚೂಪಾಗಿ ಬೆರಳು ಹಿಚುಕತೈತಿ, ದಪ್ಪ ಚರ್ಮದ ಟ್ಯಾಬ್ (ಬೆರಳು ಕಾಯೋ ಪಟ್ಟಿ) ಬೇಕ ಬೇಕು. 18 ಮೀಟರಿನಾಗ ಟ್ಯೂನ್ ಆದ ಮ್ಯಾಲ ಬಾಣ ನೆಟ್ಟಗ ಹೋಗಿ ಒಂದರ ಬಾಜೂಕ ಒಂದು ಕೂತಾಗ ನನಗ ಈ ಬಿಲ್ಲಿನ ಮ್ಯಾಲ ಪ್ರೀತಿ ಬಂತು, ಅದನ್ನ ಮುಚ್ಚಿಡೂದಿಲ್ಲ. 50 ಮೀಟರ್, 70 ಮೀಟರ್ ಸ್ಪರ್ಧೆಗೆ ತಯಾರಿ ಮಾಡೋ ಹುಡುಗರು ಇದನ್ನ ತೊಗೋಬ್ಯಾಡ್ರಿ, 1988ರ ಸಿಯೋಲ್ ಒಲಿಂಪಿಕ್ಸ್‌ಗೆ ನಮ್ಮ ಬಿಲ್ಲುಗಾರ ಲಿಂಬಾ ರಾಮ್ ಹೋದಾಗಿಂದ ನಮ್ಮ ದೇಶದ ಹುಡುಗರು ಹಿಡಿಯೋ ದಾರಿ ಸೈಟ್ ಇರೋ ಬಿಲ್ಲಿಂದು, ಅದು ಬ್ಯಾರೆ ಆಟ. ಹೊಸಬರಿಗೂ 43 ಪೌಂಡ್ ಜಾಸ್ತಿ ಆತು, ಮೊದಲ 20-25 ಪೌಂಡಿನಾಗ ಬೆನ್ನಿನಿಂದ ಎಳಿಯೂದು ಕಲೀರಿ.

ಕೊರತಿ ಅಂದ್ರ ಬಿಸಲು. ಏಪ್ರಿಲ್, ಮೇ ತಿಂಗಳದಾಗ ಮುಚ್ಚಿದ ಕಾರಿನಾಗ ಇದನ್ನ ಬಿಟ್ಟು ಹೋಗಬ್ಯಾಡ್ರಿ, ಅಂಟು ಬಿಡತೈತಿ. ಹೊಡದಾದ ಮ್ಯಾಲ ಹೆದಿ ಇಳಿಸಿ, ಎರಡು ಗೂಟದ ಮ್ಯಾಲ ಅಡ್ಡ ಇಡ್ರಿ. ಧಾರವಾಡದ ಮಳಿಗಾಲದಾಗ ಪಾಲಿಶ್ ಹೋದ ಜಾಗಾಕ್ಕ ಮೇಣ ತಿಕ್ಕಿ ಇಡ್ರಿ, ಹೆದಿಗೂ ಮೇಣ ಹಚ್ಚಿ ಬೆರಳಿಲೆ ತಿಕ್ಕಿ ಬಿಸಿ ಮಾಡ್ರಿ. ಗುರಿಗಿ ನಾನು ಅಮರಗೋಳ ಎಪಿಎಂಸಿ ಕಡೆ ಸಿಗೋ ಗೋಣಿಚೀಲದಾಗ ಹಳೇ ಸೀರಿ, ಪ್ಲಾಸ್ಟಿಕ್ ಹಾಳಿ ಒತ್ತಿ ತುಂಬೇನಿ, 43 ಪೌಂಡಿನ ಬಿಲ್ಲಿನಿಂದ ಬಂದ ಬಾಣ ಆರಾಮ ತಡೀತೈತಿ, ಹಿಂದ ಮಾತ್ರ ಮಂದಿ ಓಡಾಡದ ಎತ್ತರದ ಮಣ್ಣಿನ ದಿಬ್ಬ ಇರಲೇಬೇಕು, ಓಣ್ಯಾಗ, ಟೆರೇಸ್ ಮ್ಯಾಲ ಹೊಡಿಯೂದು ಬ್ಯಾಡ.

ನನ್ನ ರೇಟಿಂಗ್ 5ಕ್ಕ 4.5. ಅರ್ಧ ಕಡಿಮಿ ಮಾಡಿದ್ದು ಗಿಡ್ಡ ಬಿಲ್ಲಿನ ಬೆರಳು ಹಿಚುಕಾಟಕ್ಕ. ಕೊಳ್ಳಾವ್ರು ಫೋಟೋ ನೋಡಿ ರೊಕ್ಕ ಕಳಸಬ್ಯಾಡ್ರಿ, ಹೆದಿ ಏರಿಸಿ ಹೆದಿ ಕಡೆಯಿಂದ ತಗದ ಫೋಟೋ ಮತ್ತ ಎರಡೂ ತುದಿಯ ಫೋಟೋ ಕೇಳ್ರಿ, ಕೊಡಾಕ ಒಲ್ಲೆ ಅಂದ್ರ ಬಿಟ್ಟುಬಿಡ್ರಿ. ಸಿಕ್ಕ ಮ್ಯಾಲ ಒಂದ ಅಲ್ಲ, ಎರಡು ಡೇಕ್ರಾನ್ ಹೆದಿ ಮಾಡಿಸಿ ಇಟ್ಕೋರಿ, ಎರಡನೇದನ್ನೂ ಹಿಗ್ಗಿಸಿ ಹೊಸಗಿ ಹೊಂದಿಸಿ ನಾಕಿಂಗ್ ಪಾಯಿಂಟ್ ಕಟ್ಟಿ ಇಟ್ರ ಒಂದು ಸವದ ದಿನ ಹೊಳ್ಳಿ ಮೊದಲಿಂದ ಟ್ಯೂನ್ ಮಾಡೋ ಕೆಲಸ ಉಳೀತೈತಿ.